ತುಪ್ಪದ ಮಾತು

ತೂಕದ ವರ್ಷ ಎಂಬತ್ತೆಂಟು, ಹದಿಮೂರನೆಯ ತಿಂಗಳು, ಅಮಾವಾಸ್ಯೆಯ ಮರುದಿನ
ಗದಗ

ಸುಮಂಗಲಜ್ಜಿಗೆ ಮರಿಮೊಮ್ಮಗಳು ನೀಲಗಂಗೆಯ ಶರಣು.

ತಾರೀಕು ನೋಡಿ ಗಾಬರಿಯಾಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಈ ತಿಂಗಳು ಇನ್ನೂ ಹುಟ್ಟಿಲ್ಲ. ನೀವೀಗ ಮೂವತ್ತೈದರ ಹೆಂಗಸು, ನನಗೆ ಎಪ್ಪತ್ತು ದಾಟಿದೆ. ಆದರೂ ಅಜ್ಜಿ ನೀವೇ, ಏನು ಮಾಡೋಣ! ನನ್ನ ಕನ್ನಡ ಅಲ್ಲಲ್ಲಿ ಒರಟಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಲ್ಲಿ ಅದನ್ನು ಅಡುಗೆಮನೆಯಲ್ಲಿ ಪಿಸುಗುಡುತ್ತೇವೆಯೇ ಹೊರತು ಬರೆಯುವುದಿಲ್ಲ. ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ, ಒಬ್ಬರಿಗೆ ಬದುಕಿನಲ್ಲಿ ಒಂದೇ ಸಲ ಸಿಗುತ್ತದೆ. ಉಳಿದವರು ಅದರಲ್ಲಿ ತಮ್ಮ ಹಿರಿಯರಿಗೆ ಎಲ್ಲಿ ಜಾಗ ಕೊಂಡಿಡಬೇಕೆಂದು ಬುದ್ಧಿ ಹೇಳುತ್ತಾರೆ. ನಾನು ನಿಮ್ಮ ಫ್ರಿಜ್ಜಿನ ಬಾಗಿಲಿನ ಬಗ್ಗೆ ಬರೆಯುತ್ತಿದ್ದೇನೆ.

ಆ ಬಾಗಿಲಿಗೆ ನೀವು ನಿನ್ನೆ ಒಂದು ಹಾಳೆ ಅಂಟಿಸಿದ್ದೀರಿ. ದಿನಕ್ಕೊಂದು ದೊಡ್ಡ ಇಂಗ್ಲಿಷ್ ಪದ. ಪರೀಕ್ಷೆಯಲ್ಲಿ ಇಂಥ ಪದ ಬರೆದರೇ ಮಾರ್ಕ್ಸ್ ಎಂದು ಶಾಲೆಯವರು ಹೇಳಿದ್ದಾರೆ, ಸರಿ. ಅದಕ್ಕೆ ನೀವು ಒಂದು ಆಟ ಕಟ್ಟಿದಿರಿ. ರಾತ್ರಿ ಊಟಕ್ಕೆ ಕೂತಾಗ ಮಗ ಚಿನ್ಮಯ ಆ ಪದ ಸೇರಿಸಿ ಒಂದು ವಾಕ್ಯ ಹೇಳಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು, ಆಮೇಲೆ ಅವನ ರೊಟ್ಟಿಗೆ ತುಪ್ಪ. ಊಟದ ನಡುವೆ ಯಾರಾದರೂ ಕನ್ನಡ ಆಡಿದರೆ ಅವರಿಗೆ ಒಣರೊಟ್ಟಿ. ಎಲ್ಲರೂ ನಕ್ಕಿರಿ. ನಗುವ ಆಟವೇ ಆಗಿತ್ತು, ತಪ್ಪು ಹುಡುಕುವುದಕ್ಕೆ ಬಂದಿಲ್ಲ. ಆದರೆ ಆ ಚಿನ್ಮಯ, ನನ್ನ ಅಜ್ಜ, ನಾವು ಮುತ್ಯಾ ಅನ್ನುತ್ತಿದ್ದವ, ಬೆಳೆದು ಶಾಲೆ ಕಟ್ಟಿದ. ಅಲ್ಲಿ ಈ ಆಟ ನಿಯಮವಾಯಿತು. ಒಂದು ಶಾಲೆಯದು ಊರಿನದಾಯಿತು, ಊರಿನದು ಸರ್ಕಾರದ್ದಾಯಿತು. ನಮ್ಮ ವರ್ಷಗಳನ್ನು ಎಣಿಸುವುದೇ ಅದು ಸರ್ಕಾರದ್ದಾದ ದಿನದಿಂದ.

ಈಗ ಪ್ರತಿ ಪದಕ್ಕೂ ತೂಕವಿದೆ. ಹುಟ್ಟಿದ ಮಗುವಿನ ಕೊರಳಿಗೆ ಕೊರಳಗಿವಿ ಕಟ್ಟುತ್ತಾರೆ. ನಿಮ್ಮ ಕಾಲದ ತಾಯಿತದಷ್ಟೇ ಇರುತ್ತದೆ, ಆಡಿದ್ದನ್ನೆಲ್ಲ ಕೇಳಿ ತೂಗುತ್ತದೆ. ಭಾರದ ಪದ ಆಡಿದರೆ ಏರುತ್ತದೆ, ಮನೆಮಾತು ಆಡಿದರೆ ಇಳಿಯುತ್ತದೆ. ತೂಕವಿದ್ದ ಮಗುವಿಗೆ ಮುಂದಿನ ತರಗತಿ. ನನ್ನಂಥವರನ್ನು ಹಗುರದವರು ಅನ್ನುತ್ತಾರೆ, ಊಟದ ಹೊತ್ತಿಗೆ ನಾವು ಪಡಸಾಲೆಗೆ ಬರುವ ಹಾಗಿಲ್ಲ. ರೊಟ್ಟಿ ಬಡಿಯುವಾಗ ನಾವು ಹೆಂಗಸರು ಜೋಳದ ಹಿಟ್ಟಿನ ಮುದ್ದೆಯನ್ನು ಕೊರಳಗಿವಿಗೆ ಮೆತ್ತಿ, ಅದಕ್ಕೆ ಕೇಳಿಸದಂತೆ, ನಾಲ್ಕು ಮಾತಾಡಿಕೊಳ್ಳುತ್ತೇವೆ. ಹಿಟ್ಟು ಒಣಗುವಷ್ಟು ಹೊತ್ತು ಮಾತ್ರ. ರಾತ್ರಿ ತುಪ್ಪದ ಮಾತು ಶುರುವಾದರೆ ಇಡೀ ಓಣಿಯಲ್ಲಿ ಮನೆಮನೆಯಿಂದ ಚಪ್ಪಾಳೆ ಕೇಳಿಸುತ್ತದೆ. ಮಕ್ಕಳು ದುಃಖ, ಸಿಟ್ಟು, ಪ್ರೀತಿ ಎಲ್ಲದಕ್ಕೂ ಎಂಥೆಂಥ ಪದ ತರುತ್ತಾರೆ ಅಂತೀರಿ! ಯಾರೂ ಅದನ್ನು ನಿಜವೆಂದು ಕೇಳುವುದಿಲ್ಲ. ಅದು ಅಭ್ಯಾಸ.

ನನಗೆ ಇಬ್ಬರು ಮೊಮ್ಮಕ್ಕಳು. ದೊಡ್ಡವಳು ವಿಭಾ, ಚಿಕ್ಕವಳು ಓಜಾ. ಶಾಲೆಯ ತೂಗುವ ದಿನ ಹತ್ತಿರ ಬಂದಾಗ ವಿಭಾ ಒಂದು ರಾತ್ರಿ ತಟ್ಟೆಯ ಮುಂದೆ ಕೂತು, ಅಡುಗೆಮನೆಗೂ ಕೇಳುವಂತೆ, ‘ಎಕ್ಸ್‌ಕ್ರೂಶಿಯೇಟಿಂಗ್’ ಎಂದಳು. ನನ್ನ ಮಗ, ಸೊಸೆ ಚಾರುಲತಾ, ಇಬ್ಬರೂ ಚಪ್ಪಾಳೆ ತಟ್ಟಿದರು, ತುಪ್ಪ ಬಿತ್ತು. ಬಾಗಿಲ ಸಂದಿಯಿಂದ ನಾನು ನೋಡಿದೆ: ಹುಡುಗಿಯ ಎಡಗೈ ಹೊಟ್ಟೆಯ ಪಕ್ಕಕ್ಕೆ ಒತ್ತಿಕೊಂಡಿತ್ತು. ರೊಟ್ಟಿ ಮುಟ್ಟಿರಲಿಲ್ಲ.

ಸೊಸೆ ಒಳಗೆ ಬಂದಾಗ ಅವಳ ಕೊರಳಗಿವಿಗೆ ಹಿಟ್ಟು ಮೆತ್ತಿ ಹೇಳಿದೆ: “ಚಾರೂ, ಕೂಸು ಹೊಟ್ಟಿ ಹಿಡ್ಕೊಂಡೈತಿ, ನೋಡಬಾರದಾ?”

“ಅತ್ತೀ, ಆ ಪದ ಎಷ್ಟು ತೂಕದ್ದು ಗೊತ್ತದ ಏನ್ರಿ? ಕೈಸನ್ನಿ ಮಾಡಿ ಹೇಳಿದ್ರ ಇನ್ನೂ ಏರ್ತದ ಅಂತ ಶಾಲ್ಯಾಗ ಕಲಿಸ್ಯಾರ,” ಎಂದಳು. ಮುಖದ ತುಂಬ ಹಿಗ್ಗು. ಅವಳನ್ನು ಏನು ಬೈಯಲಿ? ತಾಯಿ, ಮಗಳು ಮೇಲೆ ಬರಲಿ ಅಂತ ಆಸೆ.

ಮರುದಿನ ಹುಡುಗಿಯನ್ನೇ ಅಡುಗೆಮನೆಗೆ ಎಳೆದು, ಹಿಟ್ಟು ಮೆತ್ತಿ, ಕೇಳಿದೆ: “ಎಲ್ಲೈತಿ ನೋವು, ನನ್ನ ಬಂಗಾರಾ? ನುಲೀತೈತೋ, ಉರೀತೈತೋ, ಚುಚ್ಚತೈತೋ?” ಅವಳು ನನ್ನ ಬಾಯಿಯನ್ನೇ ನೋಡಿದಳು. ಇಂಥ ಮಾತು ಅವಳ ಕಿವಿಗೆ ಬಿದ್ದೇ ಇರಲಿಲ್ಲ, ಬೀಳಲು ಬಿಟ್ಟವರಾರು? ಹಿಟ್ಟನ್ನು ಮೆಲ್ಲಗೆ ಕಿತ್ತು ನನ್ನ ಅಂಗೈಯಲ್ಲಿಟ್ಟು, ಬೆವರುತ್ತ, ಅದೇ ಪದವನ್ನು ಇನ್ನೊಮ್ಮೆ ಹೇಳಿದಳು. ನನಗೆ ಅರ್ಥವಾಗಲಿಲ್ಲ. ಪಡಸಾಲೆಯಿಂದ ಸೊಸೆ ಚಪ್ಪಾಳೆ ತಟ್ಟಿದಳು.

ತೂಗುವ ದಿನ ವಿಭಾ ಶಾಲೆಯ ಬಾಗಿಲಲ್ಲಿ ಬಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ಏನಾಗುತ್ತಿದೆ ಎಂದು ಕೇಳಿದರಂತೆ. ಇವಳು ಹೇಳಿದ ಪದಕ್ಕೆ ಅವರೂ ಶಭಾಷ್ ಎಂದು ಬೆನ್ನು ತಟ್ಟಿದರಂತೆ. ಕರುಳಿನ ಬಾವು ಒಡೆದಿದ್ದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಆ ಪದಕ್ಕೆ ತಾಳಲಾರದ ನೋವು ಎಂದು ಅರ್ಥವಂತೆ. ನನಗೆ ಮಣ್ಣು ಮಾಡಿ ಬಂದ ಮೇಲೆ ತಿಳಿಯಿತು. ಅಯ್ಯೋ ಶಿವನೇ, ಕೂಸು ಖರೇ ಹೇಳುತ್ತಿತ್ತು! ಎಲ್ಲರಿಗೂ ಹೇಳಿತ್ತು! ಅಳಲಿಲ್ಲ, ಅವ್ವಾ ಎಂದು ಕೂಗಲಿಲ್ಲ, ತೂಕ ಇಳಿದೀತು ಎಂದು ಹಲ್ಲು ಕಚ್ಚಿತ್ತು.

ನಿನ್ನೆ ಹನ್ನೊಂದನೆಯ ದಿನದ ಊಟ. ಓಜಾ, ಅಕ್ಕನ ತಟ್ಟೆ ಇಡುತ್ತಿದ್ದ ಜಾಗವನ್ನು ನೋಡುತ್ತ, ‘ಇನ್‌ಕನ್ಸೋಲಬಲ್’ ಎಂದಳು. ಯಾರು ಸಮಾಧಾನ ಮಾಡಿದರೂ ತೀರದ ದುಃಖವಂತೆ. ಬಂದ ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ಅತ್ತು ಅತ್ತು ಕಣ್ಣು ಬಾತ ಅವಳ ತಾಯಿ ಎದ್ದು ಬಂದು ತುಪ್ಪ ಬಡಿಸಿದಳು. ಅದಕ್ಕೇ ಇವತ್ತು ನನ್ನ ಒಂದೇ ಪತ್ರವನ್ನು ಬರೆದು ಮುಗಿಸುತ್ತಿದ್ದೇನೆ. ಓಜಾ ಇನ್ನೂ ಇದ್ದಾಳೆ, ಅಜ್ಜಿ.

ಇಂಗ್ಲಿಷ್ ಕಲಿಸಬೇಡಿ ಎನ್ನುತ್ತಿಲ್ಲ. ಎಷ್ಟು ಬೇಕಾದರೂ ಕಲಿಸಿ, ಹಾಳೆಯೂ ಅಲ್ಲೇ ಇರಲಿ. ಇವತ್ತು ರಾತ್ರಿ ನಿಮ್ಮ ಚಿನ್ಮಯ ಮೊದಲ ಪದ ಹೇಳುತ್ತಾನೆ, ಯಾವುದೆಂದು ನನಗೆ ಗೊತ್ತು. ‘ಅಪ್ರಿಹೆನ್ಸಿವ್’. ಒಳಗೊಳಗೇ ಅಂಜಿಕೊಂಡಿರುವುದು. ಮುತ್ಯಾ ಸಾಯುವ ಮುಂಚೆ ಒಮ್ಮೆ ಕನ್ನಡದಲ್ಲಿ ನನಗೆ ಹೇಳಿದ್ದ: “ಪರೀಕ್ಷಾಕ್ಕ ನಾ ಅವತ್ತು ಖರೇನ ಅಂಜಿದ್ದೆ ನೀಲಾ. ಅವ್ವ ತುಪ್ಪ ಹಾಕಿದ್ಲು.”

ತುಪ್ಪದ ಚಮಚ ಕೆಳಗಿಡಿ, ಅಜ್ಜಿ. ಚಪ್ಪಾಳೆಗೆ ಎತ್ತಿದ ಕೈಯನ್ನು ಅವನ ತಲೆಯ ಮೇಲಿಡಿ. ಒಣರೊಟ್ಟಿ ತಿಂದರೂ ಚಿಂತೆಯಿಲ್ಲ, ಕನ್ನಡದಲ್ಲೇ ಕೇಳಿ: “ಯಾಕೋ ಅಪ್ಪೀ, ಅಂಜಿಕಿ ಬಂದೈತೇನು?”