ತಮ್ಮನ ಕಣ್ಣು

ಮಾರ್ಚ್ ೧೪, ಗುರುವಾರ

ಆ ಕಣ್ಣನ್ನು ನಾನು ತಿದ್ದಬಾರದಿತ್ತು.

ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಮೇಲೆ ಮಕ್ಕಳ ಚಿತ್ರ ಬರೆಯುವಾಗ ಒಂದು ಮಗುವಿಗೆ ತಮ್ಮನ ಮುಖ ಕೊಟ್ಟಿದ್ದೆ. ಡೌನ್ ಸಿಂಡ್ರೋಮ್ ಇರುವ ಅವನದೇ ಕಣ್ಣು, ಅವನದೇ ನಗು. ಅವನಿಗೂ ಹೇಳಿದ್ದೆ, ಕುಣಿದಾಡಿದ್ದ.

ಡಾಕ್ಟರಮ್ಮ ಮೆಲ್ಲಗೆ ಅಂದರು, "ಹೊಟ್ಟೇಲಿರೋ ಮಗು ಹೀಗಿದೆಯಾ ಅಂತ ತಿಳ್ಕೊಳ್ಳೋಕೇ ಇಲ್ಲಿಗೆ ಬರ್ತಾರೆ. ನೋಡಿ ಗಾಬರಿ ಆಗ್ತಾರೆ. ಆ ಕಣ್ಣು ಸ್ವಲ್ಪ ಸರಿ ಮಾಡಮ್ಮ."

ಅವರ ಗಾಬರಿಯೂ ಸುಳ್ಳಲ್ಲ. ತಮ್ಮ ಹುಟ್ಟಿದಾಗ ಅಮ್ಮನೂ ಹೆದರಿದ್ದಳಂತೆ. ಆದರೆ "ಸರಿ" ಅಂದರೆ ಏನು ಅಂತ ನಾನು ಕೇಳಲೇ ಇಲ್ಲ. ಬ್ರಷ್ ಎತ್ತಿಕೊಂಡೆ. ಕಣ್ಣು ತಿದ್ದಿದ ಮೇಲೆ ಅದು ಯಾರದೋ ಮಗುವಾಯಿತು.

ಸಂಜೆ ತಮ್ಮ ಬಂದು ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ಹುಡುಕಿದ.

"ಅಕ್ಕಾ, ನಾನೆಲ್ಲಿ?"

"ಬಣ್ಣ ಇನ್ನೂ ಹಸಿ ಕಣೋ. ಒಣಗಿದ ಮೇಲೆ ಕಾಣಿಸ್ತೀಯ," ಅಂದುಬಿಟ್ಟೆ.

ನಂಬಿದ. ನಾಳೆ ಮತ್ತೆ ಬಂದು ನೋಡುತ್ತಾನಂತೆ.