ಮೇಜಿನ ಆ ಕಡೆ ನೀವು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಮೇಷ್ಟ್ರೇ,

ಮದುವೆಯಾದ ಹೊಸದರಲ್ಲಿ ಹೀಗೆ ಕರೆದರೆ, "ಶಾಲೇಲಿ ಸಾಲದು ಅಂತ ಮನೇಲೂ ಮೇಷ್ಟ್ರಾ?" ಎಂದು ಮುನಿಸಿಕೊಳ್ಳುತ್ತಿದ್ದಿರಿ. ಈಗ ಮುನಿಸಿಕೊಂಡರೂ ನನಗೆ ಕಾಣುವುದಿಲ್ಲವಲ್ಲ, ಧೈರ್ಯವಾಗಿ ಕರೆಯುತ್ತಿದ್ದೇನೆ. ಮಧ್ಯಸ್ಥರ ಕಾರ್ಯದರ್ಶಿ ಹೆಣ್ಣುಮಗಳು ಈ ಕಾಗದವನ್ನು ತನ್ನ ಕೈಚೀಲದಲ್ಲಿಟ್ಟುಕೊಂಡು ಗಡಿ ದಾಟುತ್ತಾಳೆ. ಓದಿ ಒಲೆಗೆ ಹಾಕಿಬಿಡಿ.

ಶಾಂತಿ ಮಾತುಕತೆಯ ಆ ಕೋಣೆಯಲ್ಲಿ ಅಷ್ಟು ದಿನ ಎದುರುಬದುರು ಕೂತಿದ್ದೆವು. ನಮ್ಮದೆನ್ನುವ ಒಂದು ಮಾತೂ ಆಡಲಿಲ್ಲ. ನಿಮ್ಮ ಮಾತನ್ನು ನಾನು ಮಧ್ಯಸ್ಥರಿಗೆ ದಾಟಿಸಿದೆ, ಅಷ್ಟೆ. ಅವರ ಭಾಷೆ ನಿಮಗೆ ಬರುವುದಿಲ್ಲ. ಹಾಗಾಗಿ ಈ ಕಡೆ ಏನೇನಾಯಿತು ಎನ್ನುವುದು ನಿಮಗೆ ಗೊತ್ತಿರಲಾರದು.

ಆ ಕೆಲಸವೇ ಒಂದು ತಮಾಷೆ. ನಿಮ್ಮ ಸರ್ಕಾರವನ್ನು ನಮ್ಮವರು ಸರ್ಕಾರವೆಂದು ಒಪ್ಪುವುದಿಲ್ಲ, ನಮ್ಮದನ್ನು ನಿಮ್ಮವರು ಒಪ್ಪುವುದಿಲ್ಲ. ಒಪ್ಪದವರ ಜೊತೆ ನೇರವಾಗಿ ಮಾತಾಡಿದರೆ ಒಪ್ಪಿದಂತಾಗುತ್ತದಂತೆ! ಒಂದೇ ಭಾಷೆಯವರ ನಡುವೆ ದುಭಾಷಿ ಬೇಕಾದದ್ದು ಅದಕ್ಕೇ. ನಿಮ್ಮ ಮುಖ್ಯಸ್ಥರು "ಆ ಕಿಟಕಿ ಮುಚ್ರಿ, ಚಳಿ" ಎಂದರೆ ನಾನು ಅದನ್ನು ಮಧ್ಯಸ್ಥರ ಭಾಷೆಗೆ ತರಬೇಕು, ಅವರು ತಲೆಯಾಡಿಸಿದ ಮೇಲೆ ಮತ್ತೆ ನಮ್ಮ ಭಾಷೆಗೆ ತಂದು ನಮ್ಮ ಸೇನಾಧಿಕಾರಿಗೆ ಹೇಳಬೇಕು. ಅಷ್ಟರಲ್ಲಿ ಆತ ಕಿಟಕಿ ಮುಚ್ಚಿ ಬಂದು ಕೂತಾಗಿರುತ್ತಿತ್ತು.

ಮೊದಲ ದಿನ ನೀವು ಒಳಗೆ ಬಂದಾಗ ಅಡಿಯಿಂದ ಮುಡಿಯವರೆಗೆ ಕದ್ದು ನೋಡಿದೆ. ಕೂದಲು ನೆರೆತಿದೆ. ಕನ್ನಡಕದ ಕಡ್ಡಿಗೆ ದಾರ ಸುತ್ತಿದ್ದೀರಿ. ಕೋಟಿನ ತೋಳು ಬೇರೆ ಯಾರದೋ ಅಳತೆಯದು. ನೀವು ನನ್ನತ್ತ ನೋಡಲಿಲ್ಲ. ಗುರುತು ತೋರಿಸಿದರೆ ಇಬ್ಬರನ್ನೂ ಎಬ್ಬಿಸಿ ಕಳಿಸುತ್ತಾರೆಂದು ನನಗೂ ಗೊತ್ತಿತ್ತು. ನನ್ನ ದಾಖಲೆಗಳಲ್ಲಿ ಅಪ್ಪನ ಮನೆತನದ ಹೆಸರೇ ಉಳಿದಿತ್ತು, ಸದ್ಯ. ಆದರೂ ಒಂದು ಸಲ, ಕಣ್ಣು ತಪ್ಪಿಯಾದರೂ ನೋಡಬಾರದೇ ಎಂದು ಒಳಗೊಳಗೇ ನಿಮ್ಮನ್ನು ಬೈದುಕೊಂಡೆ.

ಮಧ್ಯಸ್ಥರು ಮೊದಲು ಕೇಳಿದ್ದು, ಈ ಯುದ್ಧ ಯಾಕೆ ಶುರುವಾಯಿತು ಎಂದು. ಒಂದೇ ಪಕ್ಷದ ಆಳ್ವಿಕೆ ಜನರ ಬಾಯಿ ಕಟ್ಟಿತು, ಅದಕ್ಕೇ ಎಂದರು ನಮ್ಮವರು. ಹಣವಂತರು ಓಟಿನ ಹೆಸರಲ್ಲಿ ಬಡವರ ಹೊಟ್ಟೆ ಕಟ್ಟಿದರು, ಅದಕ್ಕೇ ಎಂದು ನೀವು ಓದಿದಿರಿ. ದುಭಾಷಿ ‘ಅವರು ಹೀಗೆನ್ನುತ್ತಾರೆ’ ಎನ್ನುವಂತಿಲ್ಲ, ‘ನಾನು’ ಎಂದೇ ಹೇಳಬೇಕು. ಹೀಗೆ ನಿಮ್ಮ ಪಕ್ಷದ ವಾದವನ್ನೆಲ್ಲ ನಾನೇ ಮಂಡಿಸಿದೆ, ಬಹಳ ಚೆನ್ನಾಗಿ ಮಂಡಿಸಿದೆ. ನಮ್ಮ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಕೇಳಿ ಬಾಯಿಪಾಠವಾಗಿತ್ತಲ್ಲ! "ಹಸಿದವನಿಗೆ ಮೊದಲು ಊಟ ಕೊಡು, ಓಟು ಆಮೇಲೆ" ಎನ್ನುತ್ತಿದ್ದಿರಿ ನೀವು, ಪಾತ್ರೆ ತೊಳೆಯುತ್ತಾ. "ಊಟ ಹಾಕೋನ್ನ ಪ್ರಶ್ನೆ ಕೇಳೋಕಾಗದಿದ್ರೆ ಅದು ಊಟ ಅಲ್ಲ ರೀ, ಮೇವು" ಎನ್ನುತ್ತಿದ್ದೆ ನಾನು, ಒರೆಸುತ್ತಾ. ಒಬ್ಬರೂ ಗೆದ್ದದ್ದಿಲ್ಲ. ಬೆಳಗಾದರೆ ಮೊದಲು ಎದ್ದವರು ಇಬ್ಬರಿಗೂ ಚಹಾ ಇಡುತ್ತಿದ್ದರು. ಯುದ್ಧಕ್ಕೆ ಕಾರಣ ನನ್ನನ್ನು ಕೇಳಿದ್ದರೆ ಇಷ್ಟು ಹೇಳುತ್ತಿದ್ದೆ: ಜಗಳ ಹಳೆಯದೇ, ಆದರೆ ಮಾರನೆಯ ಬೆಳಗ್ಗೆ ಒಂದೇ ಮನೆಯಲ್ಲಿ ಏಳಬೇಕೆನ್ನುವುದನ್ನು ಎರಡೂ ಕಡೆಯವರು ಮರೆತರು. ಯಾರೂ ಕೇಳಲಿಲ್ಲ, ಬಿಡಿ.

ನಿಮ್ಮ ಪಕ್ಷದ ಹೊಸ ಶಾಲೆಗಳನ್ನು ಕಟ್ಟಲು ನೀವು ಆ ಕಡೆ ಹೋದಾಗ ನನ್ನನ್ನೂ ಕರೆದಿರಿ. ಅಮ್ಮ ಹಾಸಿಗೆ ಹಿಡಿದಿದ್ದಾಳೆ ಎಂದು ಬರೆದೆ. ಅದು ನಿಜ. ಅಮ್ಮ ಎದ್ದು ಓಡಾಡುತ್ತಿದ್ದರೂ ನಾನು ಬರುತ್ತಿರಲಿಲ್ಲ, ಅದೂ ನಿಜ. ನಾನು ನಂಬಿದ್ದನ್ನು ಈಗಲೂ ನಂಬುತ್ತೇನೆ. ನಂಬಿಕೆ ಒಂದು ಕಡೆ, ಸಂಜೆ ಬಾಗಿಲಲ್ಲಿ ನಿಮ್ಮ ಚಪ್ಪಲಿ ಸದ್ದಿಗೆ ಕಿವಿಗೊಡುವುದು ಇನ್ನೊಂದು ಕಡೆ. ಎರಡೂ ಒಬ್ಬಳೊಳಗೇ ಇವೆ, ಏನು ಮಾಡಲಿ?

ಆಮೇಲೆ ಆ ಕಲಮು ಬಂತು: ಒಡೆದುಹೋದ ಸಂಸಾರಗಳ ಮಕ್ಕಳು ರಜೆಯಲ್ಲಿ ಗಡಿ ದಾಟಿ ಹೋಗಿಬರಬಹುದು ಎನ್ನುವುದು. ಅದನ್ನು ಹೊಡೆದುಹಾಕುವುದರಲ್ಲಿ ಮಾತ್ರ ಎರಡೂ ಕಡೆಯವರದು ಒಂದೇ ಮನಸ್ಸು! ಮಧ್ಯಸ್ಥರು ಗೀಟು ಎಳೆಯಲು ಪೆನ್ನು ಎತ್ತಿದ್ದರು. ಆಗ ನೀವು ಕೈಯಲ್ಲಿದ್ದ ಹಾಳೆ ಕೆಳಗಿಟ್ಟಿರಿ. "ಆ ಕಡೆ ನನಗೊಬ್ಬಳು ಮಗಳಿದಾಳೆ. ಎತ್ಕೊಂಡು ಮುದ್ದಾಡಿ ಬಂದಿದ್ದೆ. ಈಗ ಎಷ್ಟೆತ್ತರ ಆಗಿದಾಳೆ ಅಂತಲೂ ಗೊತ್ತಿಲ್ಲ" ಎಂದಿರಿ.

ಇದನ್ನೂ ನಾನು ‘ನಾನು’ ಎಂದೇ ಹೇಳಬೇಕಿತ್ತು. ಮಗಳ ಎತ್ತರ ನನಗೆ ಗೊತ್ತಿಲ್ಲ ಎಂದು, ಬೆಳಗ್ಗೆ ತಾನೇ ಅವಳ ಜಡೆ ಹೆಣೆದು ಬಂದ ನಾನು ಹೇಳಬೇಕಿತ್ತು! ಅರ್ಥವಾಗದಿದ್ದರೆ ದುಭಾಷಿ ಮತ್ತೆ ಕೇಳಬಹುದೆಂಬ ನಿಯಮವಿದೆ. ಎದ್ದು ನಿಂತೆ. ಅಂಗೈಯನ್ನು ನನ್ನ ಭುಜಕ್ಕೆ ಸರಿಯಾಗಿ ಹಿಡಿದು, "ಎತ್ತರ ಅಂದ್ರೆ ಹೀಗೆ, ಇಷ್ಟು, ಅಂತಲಾ?" ಎಂದು ಕೇಳಿದೆ.

ಆಗ ನೋಡಿದಿರಿ. ಮೊದಲು ಕೈಯನ್ನು, ಆಮೇಲೆ ನನ್ನನ್ನು. "ಅಷ್ಟಾ?" ಎಂದಿರಿ. ಆ ಒಂದು ಮಾತನ್ನು ನಾನು ಯಾರಿಗೂ ದಾಟಿಸಲಿಲ್ಲ. ಅದು ನನ್ನದು.

ಉಳಿದದ್ದನ್ನೆಲ್ಲ ಚಾಚೂ ತಪ್ಪದೆ ಹೇಳಿದೆ. ಮಧ್ಯಸ್ಥರು ಪೆನ್ನು ಕೆಳಗಿಟ್ಟರು. ನಮ್ಮ ಸೇನಾಧಿಕಾರಿ ಕೆಮ್ಮಿ, ತನ್ನ ಅಕ್ಕನ ಮಕ್ಕಳೂ ಆ ಕಡೆಯೇ ಇದ್ದಾರೆ ಎಂದು ಗೊಣಗಿದ. ಕಲಮು ಉಳಿಯಿತು.

ಮಗಳು ರಜೆಯ ಮೊದಲ ಬಸ್ಸಿಗೆ ಬರುತ್ತಾಳೆ. ಬಹಳ ಪ್ರಶ್ನೆ ಕೇಳುತ್ತಾಳೆ, ನಿಮ್ಮ ಪಕ್ಷದ ಬಗ್ಗೆಯೂ ಕೇಳುತ್ತಾಳೆ. ಪಾಠ ಮಾಡಬೇಡಿ, ಉತ್ತರ ಕೊಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ನಿದ್ದೆಯಲ್ಲಿ ಹೊದಿಕೆ ಒದೆಯುತ್ತಾಳೆ, ಎದ್ದು ಹೊದಿಸಿ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಥೇಟ್ ನಿಮ್ಮ ಹಾಗೆ. ಕಲಿಸಿದವರು ಯಾರೂ ಇಲ್ಲ.

ಆ ಕನ್ನಡಕ ಸರಿಮಾಡಿಸಿಕೊಳ್ಳಿ.

ನಿಮ್ಮ,
ಮಾತಿನಮಲ್ಲಿ

ತಾ.ಕ.: ಬಸ್ಸಿನಿಂದ ಅವಳ ಹಿಂದೆ ಇಳಿಯುವುದು ನನ್ನ ತಮ್ಮ. ಬಾಗಿಲಲ್ಲಿ ನನಗಾಗಿ ಕಾಯಬೇಡಿ. ಮಾತುಕತೆಯ ಕೋಣೆಯಲ್ಲಿ ಕೂತವರು ಮುಂದೆಂದೂ ಗಡಿ ದಾಟುವಂತಿಲ್ಲ ಎನ್ನುವ ಷರತ್ತಿಗೆ ಕೆಲಸಕ್ಕೆ ಸೇರುವಾಗಲೇ ಒಪ್ಪಿಕೊಂಡಿದ್ದೆ. ನಿಮ್ಮ ನಿಯೋಗದಲ್ಲಿ ನೀವಿದ್ದೀರೆಂದು ಪತ್ರಿಕೆಯಲ್ಲಿ ಬಂದಿತ್ತು. ನಿಮ್ಮನ್ನು ನೋಡಲು ಬೇರೆ ದಾರಿ ಕಾಣಲಿಲ್ಲ. ಆ ಷರತ್ತು ನಿಮಗೂ ಇತ್ತಂತೆ. ನೀವು ಅದಕ್ಕೆ ಸಹಿ ಹಾಕುವ ಮೊದಲೇ ದುಭಾಷಿಯ ಹೆಸರನ್ನು ನಿಮ್ಮ ಕಡೆಯವರಿಗೂ ತಿಳಿಸಿದ್ದರೆಂದು ಕಾರ್ಯದರ್ಶಿ ಹೇಳಿದಳು. ಹಾಗಿದ್ದರೆ ನೀವು ಯಾಕೆ ಒಪ್ಪಿಕೊಂಡಿರಿ? ಉತ್ತರವನ್ನು ಮಗಳ ಬಾಯಲ್ಲಿ ಹೇಳಿ ಕಳಿಸಿ.