ಹೊಸ ಕಂಪ್ಯೂಟರ್ ಬೇಡ

ಉಮರ್ಗಾ, ೭ ಮಾರ್ಚ್ ೨೦೧೬, ಸಂಜೆ
ಮತ್ತೆ ನಿಂತಿತು. ಇವತ್ತು ಮೂರನೇ ಸಲ. ಊರಿನ ನಕ್ಷೆ ತೆರೆದರೆ ಸಾಕು, ಪರದೆ ಬೆಳ್ಳಗಾಗುತ್ತದೆ. ಎಂಟು ವರ್ಷದ ಕಂಪ್ಯೂಟರ್. ಮದುವೆಗೆ ಮುಂಚೆ, ನಿಲಂಗಾದಲ್ಲಿ ಡ್ರಾಫ್ಟಿಂಗ್ ಕಲಿಸುತ್ತಿದ್ದಾಗ ನನ್ನ ಸಂಬಳದಲ್ಲಿ ಕೊಂಡದ್ದು. ನಗರ ಪರಿಷತ್ತಿಗೆ ಹಳೆಯ ಬಾವಿಗಳ ನಕ್ಷೆ ಬೇಕು, ಹೂಳು ತೆಗೆಸುತ್ತಾರಂತೆ. ತಿಂಗಳ ಕೊನೆಯೊಳಗೆ ಕೊಡಬೇಕು. ನಲ್ಲಿಯಲ್ಲಿ ನೀರು ಬಂದು ಇಪ್ಪತ್ತೆರಡು ದಿನವಾಯಿತು.

ಇವರಿಗೆ ಹೇಳಿದೆ. "ಬಂದ್ ಮಾಡಿ ಚಾಲೂ ಮಾಡು" ಅಂದರು. ಮದುವೆಯಾಗಿ ಏಳು ವರ್ಷ, ನನ್ನ ಸಿಟ್ಟಿಗೂ ಇವರದು ಇದೇ ಔಷಧಿ.

೯ ಮಾರ್ಚ್
ಕಂಪ್ಯೂಟರಿನ ಕ್ಯಾಬಿನೆಟ್ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ನಿಲಂಗಾಕ್ಕೆ. ವೀರಭದ್ರ ಬಿಚ್ಚಿ ನೋಡಿದ — ನನ್ನ ಹಳೆಯ ವಿದ್ಯಾರ್ಥಿ, ಈಗ ರಿಪೇರಿ ಅಂಗಡಿ ಇಟ್ಟಿದ್ದಾನೆ.

"ಮೇಡಂ, ಬೋರ್ಡು ಗಟ್ಟಿ ಅದರೀ. ಪ್ರೊಸೆಸರ್ ಮುದುಕ ಆಗ್ಯಾದ. ಇದಕ್ಕ ಕೂಡೂವಂಥಾ ಜೋರಿನ ಪ್ರೊಸೆಸರ್ ಸೆಕೆಂಡ್ ಹ್ಯಾಂಡ್ ಹುಡುಕ್ತೀನಿ. ಆದ್ರ ಖರೇ ಹೇಳ್ಲೇನು? ಅದು ಎಷ್ಟು ದಿನ ನಡೀತದೋ ಗೊತ್ತಿಲ್ಲ. ಹೊಸಾ ಕಂಪ್ಯೂಟರ್ ತಗೊಂಡ್ರ ಚಿಂತಿ ಇಲ್ಲ."

ನೋಡೋಣ ಅಂದು ಕ್ಯಾಬಿನೆಟ್ ಹಾಗೇ ವಾಪಸ್ ತಂದೆ.

೧೪ ಮಾರ್ಚ್
ಅತ್ತೆ ಮಾಣಿಕಬಾಯಿಯವರನ್ನು ಪಕ್ಕಕ್ಕೆ ಕೂಡಿಸಿಕೊಂಡು ಬಾವಿಗಳನ್ನು ಗುರುತು ಹಾಕಿದೆ. ಹನ್ನೆರಡು ಹೇಳಿದರು. ಆಮೇಲೆ ಪರದೆಯ ಮೇಲೆ ಬೆರಳಿಟ್ಟರು.

"ಇಲ್ಲಿ ಇನ್ನೊಂದು. ನಾ ಲಗ್ನ ಆಗಿ ಬಂದಾಗ ಇಡೀ ಓಣಿ ಇದೇ ನೀರು ಕುಡೀತಿತ್ತು. ಯಾವ ಬ್ಯಾಸಗ್ಯಾಗೂ ಬತ್ತಿಲ್ಲ."

ಅದು ಇವರ ಅಣ್ಣ, ಜಗದೇವಪ್ಪ ಭಾವನವರ ಗೋದಾಮಿನ ಹಿಂದಿನ ಅಂಗಳ. ಅವರು ಗೋಡೆ ಎತ್ತಿ ಒಳಗೆ ಹಾಕಿಕೊಂಡ ಓಣಿಯ ಜಾಗ. ಬಾವಿಯ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ತೊಗರಿ ಚೀಲ! ದುಂಡಗೆ ಗುರುತು ಎಳೆದೆ. ಸೇವ್ ಮಾಡುವಷ್ಟರಲ್ಲಿ ನಿಂತಿತು.

೧೮ ಮಾರ್ಚ್
ಭಾವ ಬಂದರು. ಹಿಂದೆ ಹಮಾಲ, ಅವನ ತಲೆಯ ಮೇಲೆ ದೊಡ್ಡ ಪೆಟ್ಟಿಗೆ. ಹೊಸ ಕಂಪ್ಯೂಟರ್.

"ತಗೊ ಸುಗಂಧಾ. ಆ ಡಬ್ಬಾ ಜೋಡಿ ಎಷ್ಟು ದಿನ ಗುದ್ದಾಡ್ತಿ?"

ಬರೆಯಲು ನಾಚಿಕೆ... ಖುಷಿಯಾಯಿತು. ಕಣ್ಣು ತುಂಬಿತು. ಚಹಾ ಮಾಡಿಕೊಟ್ಟೆ. ಕುಡಿದು ಎದ್ದರು, ಬಾಗಿಲಲ್ಲಿ ನಿಂತರು.

"ಹೊಸಾದ್ರಾಗ ನಕ್ಷಾನೂ ಹೊಸಾದ ಮಾಡು. ಹನ್ನೆರಡು ಬಾವಿ ಸಾಕು."

ಇವರು ನೆಲ ನೋಡುತ್ತ ನಿಂತಿದ್ದರು. ಅಂದರೆ ಅಲ್ಲಿ ಹೋಗಿ ಬಾಯಿ ಬಿಟ್ಟವರು ಇವರೇ.

"ಅಣ್ಣನ ಜೋಡಿ ಯಾಕ ವೈರ? ಒಂದು ಬಾವಿ..." ಭಾವ ಹೋದ ಮೇಲೆ ಇವರು ಶುರು ಮಾಡಿದರು.

"ಒಂದೇ ಬಾವಿ. ಓಣ್ಯಾಗ ಅರವತ್ತು ಮನಿ. ಕೊಡ ಹಿಡಕೊಂಡು ಟ್ಯಾಂಕರ್ ಹಿಂದ ಓಡೋರು ನೀವಾ, ನಾವಾ?"

ನಾನು ಆ ಪೆಟ್ಟಿಗೆ ಮುಟ್ಟಲಿಲ್ಲ. ಒಲೆಯನ್ನೂ ಮುಟ್ಟಲಿಲ್ಲ.

೧೯ ಮಾರ್ಚ್, ಬೆಳಿಗ್ಗೆ
ಕೈಗಾಡಿ ಕರೆಸಿ ಪೆಟ್ಟಿಗೆ ವಾಪಸ್ ಕಳಿಸಿದೆ. ಟೇಪ್ ಕೂಡ ಬಿಚ್ಚಿಲ್ಲ. ವೀರಭದ್ರನಿಗೆ ಫೋನ್ ಮಾಡಿದೆ — ಆ ಹಳೆಯ ಪ್ರೊಸೆಸರ್ ಕಳಿಸು. ಅವನು ಹೇಳಿದ್ದು ಸರಿಯೇ, ಹೊಸದೇ ಒಳ್ಳೆಯದು. ಆದರೆ ನಾನು ಗೆರೆ ಎಳೆಯುವಾಗ ಇನ್ನೊಬ್ಬರು ಕೈ ಹಿಡಿಯಬಾರದು.

೨೬ ಮಾರ್ಚ್
ವಾರದಿಂದ ಇವರು ನನ್ನ ಜೊತೆ ಮಾತಾಡಿರಲಿಲ್ಲ. ನಾನೂ ಆಡಿರಲಿಲ್ಲ. ಇವತ್ತು ನಿಲಂಗಾ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪ್ರೊಸೆಸರ್ ಬಂತು. ಫ್ಯಾನ್ ತೆಗೆದರೆ ಒಳಗೆ ಬರೀ ಧೂಳು, ಶಾಖ ಇಳಿಸಲು ಹಚ್ಚುವ ಪೇಸ್ಟ್ ಒಣಗಿಹೋಗಿತ್ತು. ಒರೆಸಿದೆ. ಹಳೆಯದನ್ನು ಎತ್ತಿ, ಬಂದದ್ದನ್ನು ಕೂಡಿಸಿದೆ. ಹೊಸ ಪೇಸ್ಟ್ ಹಚ್ಚಿ ಫ್ಯಾನ್ ಬಿಗಿದೆ. ಸ್ವಿಚ್ ಹಾಕಿದೆ.

ಪರದೆ ಕಪ್ಪು.

"ನಾ ಮೊದಲೇ ಹೇಳಿದ್ದೆ" — ಬಾಗಿಲಲ್ಲಿ ಇವರು.

"ಬಾಯಿ ಮುಚ್ಚರಿ!"

ಮದುವೆಯಾದ ಮೇಲೆ ಮೊದಲ ಸಲ ಹಾಗೆ ಅಂದದ್ದು. ಮತ್ತೆ ಎಲ್ಲ ಬಿಚ್ಚಿದೆ. ರ‍್ಯಾಮ್ ಸಡಿಲವಾಗಿತ್ತು. ಗಟ್ಟಿಯಾಗಿ ಒತ್ತಿದೆ. ಹತ್ತಿತು! ನಕ್ಷೆ ಒಂದೇ ಏಟಿಗೆ ತೆರೆಯಿತು. ಹದಿಮೂರೂ ಹಾಕಿ ಪ್ರಿಂಟ್ ತೆಗೆದೆ. ಸೋಮವಾರ ನಾನೇ ಹೋಗಿ ಕೊಡುತ್ತೇನೆ.

೪ ಏಪ್ರಿಲ್, ಬೆಳಿಗ್ಗೆ ೧೧
ನಗರ ಪರಿಷತ್ತಿನ ಸಾಹೇಬರು, ಅಳೆಯುವವರು ಬಂದಿದ್ದಾರೆ. ಭಾವ ಗೋದಾಮಿಗೆ ಬೀಗ ಜಡಿದು ನಿಂತರು. "ಇಲ್ಲಿ ಬಾವಿ ಗೀವಿ ಏನೂ ಇಲ್ಲ."

ಅತ್ತೆ ಕೋಲೂರಿಕೊಂಡು ಮಗನ ಎದುರಿಗೇ ಹೋದರು. "ಜಗದೇವಾ, ನನ್ನ ಮಾರಿ ನೋಡಿ ಹೇಳು, ಇಲ್ಲ ಅಂತ."

ಭಾವ ನೋಡಲಿಲ್ಲ. ಕೀಲಿಕೈ ನೆಲಕ್ಕೆ ಒಗೆದರು. ಅದನ್ನು ಎತ್ತಿಕೊಂಡವರು... ಇವರು!

ಸಾಹೇಬರು ಇನ್ನೊಂದು ಪ್ರಿಂಟ್ ಕೇಳಿದರು, ಅದಕ್ಕೆ ಮನೆಗೆ ಬಂದೆ. ಪ್ರಿಂಟರ್ ಓಡುತ್ತಿದೆ. ಆಚೆ ಚೀಲ ಎಳೆಯುವ ಸದ್ದು. ಇವರು ಕೂಗುತ್ತಿದ್ದಾರೆ — "ಸುಗಂಧಾ, ಹಾರಿ ಎಲ್ಲದ? ಚಪ್ಪಡಿ ಏಳವಲ್ದು!"

ಸಿಟ್ಟು ಇಳಿದಿಲ್ಲ. ಇವತ್ತೇ ಇಳಿಯುವುದೂ ಇಲ್ಲ. ಆದರೂ ಹಾರೆ ನಾನೇ ಒಯ್ದು ಕೊಡುತ್ತೇನೆ.